ಪೈಪು ಪಾಸಾಯ್ತು, ನಿಮಗೆಲ್ಲ ಥ್ಯಾಂಕ್ಸ್

ನಮ್ಮ ತಂಡದ ಪೈಪ್ ಲೇಔಟ್‌ಗೆ ಅಂತೂ ಕೊನೆಯ ಡಿಸೈನ್ ರಿವ್ಯೂನಲ್ಲಿ ಒಪ್ಪಿಗೆ ಸಿಕ್ಕಿತು. ಫ್ರಾನ್ಸ್‌ನಲ್ಲಿ ಏನು ಕೆಲಸ ಅಂತ ಕೇಳುವ ದಾವಣಗೆರೆಯ ನೆಂಟರಿಗೆ ನಾನು ಹೇಳೋದು ಒಂದೇ: ಪ್ಲಂಬಿಂಗ್. ಸೂರ್ಯನೊಳಗಿನ ಹಾಗೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯಲು ಕಡರಾಶ್‌ನಲ್ಲಿ ಕಟ್ಟುತ್ತಿರುವ ಇಟರ್ ಫ್ಯೂಷನ್ ಯಂತ್ರಕ್ಕೆ 440 ಬ್ಲ್ಯಾಂಕೆಟ್ ಮಾಡ್ಯೂಲ್‌ಗಳ ಒಳಗೋಡೆ ಇರುತ್ತದೆ. ಅದರ ಬಿಸಿ ಹೊತ್ತು ತರುವ ನೀರಿನ ದಾರಿಯಲ್ಲಿ ಒಂದು ಸಣ್ಣ ತುಂಡು ನಮ್ಮದು.

ಮೊದಲ ಥ್ಯಾಂಕ್ಸ್ ಸ್ಟ್ರೆಸ್ ಲೆಕ್ಕ ಹಾಕಿದ ಗೆಳತಿಗೆ. ಯಂತ್ರ ನಡೆಯುವಾಗ ನೀರು 70 ಡಿಗ್ರಿಯಲ್ಲಿ ಒಳಗೆ ಹೋಗುತ್ತದೆ, ಒತ್ತಡ 40 ಬಾರ್. ಯಂತ್ರದೊಳಗಿನ ಕೊಳೆ, ತೇವ ಬಿಡಿಸಲು ಬೇಕಿಂಗ್ ಮಾಡುವಾಗ ಅದೇ ಪೈಪು 240 ಡಿಗ್ರಿಗೆ ಏರಬೇಕು. ತಣ್ಣಗಿದ್ದಾಗ ಹತ್ತು ಮೀಟರ್ ಇದ್ದ ಸ್ಟೇನ್‌ಲೆಸ್ ಪೈಪು ಆಗ 35 ಮಿ.ಮೀ.ಗಿಂತ ಜಾಸ್ತಿ ಉದ್ದವಾಗುತ್ತದೆ. ಬಿಗಿಯಾಗಿ ಹಿಡಿದರೆ ಬೆಂಡ್‌ನಲ್ಲಿ ಸ್ಟ್ರೆಸ್, ಸಡಿಲ ಬಿಟ್ಟರೆ ಭೂಕಂಪದಲ್ಲಿ ಅಲುಗಾಟ. ಯಂತ್ರದೊಳಗಿನ ಅತಿ ಬಿಸಿ ಅನಿಲ, ಅಂದರೆ ಪ್ಲಾಸ್ಮಾ, ತಟ್ಟನೆ ಕುಸಿದರೆ ಬೀಳುವ ವಿದ್ಯುತ್ಕಾಂತ ಹೊಡೆತ ಬೇರೆ. ಸಪೋರ್ಟ್ ಒಂದು ಕೈಯಳತೆ ಆಚೆ ಸರಿಸಿದಾಗಲೆಲ್ಲ ಮುಖ ಗಂಟಿಕ್ಕದೆ ಮತ್ತೆ ರನ್ ಹಾಕಿದವಳು ಅವಳು.

ಎಲೆಕ್ಟ್ರಾನಿಕ್ಸ್ ತಂಡದವರಿಗೂ ಥ್ಯಾಂಕ್ಸ್, ಜಗಳಕ್ಕೆ. ಪ್ಲಾಸ್ಮಾದಿಂದ ಹಾರಿಬರುವ ನ್ಯೂಟ್ರಾನ್ ಬಡಿದರೆ ನೀರಿನ ಆಕ್ಸಿಜನ್‌ನಿಂದ ನೈಟ್ರೋಜನ್-16 ಹುಟ್ಟುತ್ತದೆ. ಅದರ ಅರ್ಧಾಯುಷ್ಯ ಏಳು ಸೆಕೆಂಡು ಮಾತ್ರ, ಆದರೆ ಅಷ್ಟರಲ್ಲೇ ಪೈಪಿನ ಸುತ್ತ ಎಲೆಕ್ಟ್ರಾನಿಕ್ಸ್ ಕೆಡಿಸುವ ಗಾಮಾ ಕಿರಣ ಚೆಲ್ಲುತ್ತದೆ. "ನಿಮ್ಮ ಪೈಪು ನಮ್ಮ ಪೆಟ್ಟಿಗೆ ಪಕ್ಕ ಬೇಡ" ಅಂತ ಅವರು ಹಟ ಹಿಡಿದರು. ಹಿಡಿಯಲೇಬೇಕಿತ್ತು, ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಋಣ ವರ್ಕ್‌ಶಾಪಿನ ಹಿರಿಯ ವೆಲ್ಡರ್‌ದು. ಪೈಪು ಹಾಯಿಸಲು ನಮ್ಮ ಕೈಯಲ್ಲಿ ಎರಡು ದಾರಿಗಳಿದ್ದವು, ಲೆಕ್ಕದಲ್ಲಿ ಎರಡೂ ಸರಿ. ಅವರು ಹಳೆಯ ಪೈಪಿನ ತುಂಡೊಂದನ್ನು ಮೇಜಿನ ಮೇಲಿಟ್ಟು, ಅದಕ್ಕೆ ಪೈಪಿನ ಸುತ್ತ ತಿರುಗುತ್ತಾ ಬೆಸೆಯುವ ಆರ್ಬಿಟಲ್ ವೆಲ್ಡಿಂಗ್ ಹೆಡ್ ಕಚ್ಚಿಸಿದರು. ಪಕ್ಕದಲ್ಲಿ ರಟ್ಟಿನ ಗೋಡೆ ನಿಲ್ಲಿಸಿ ಹೆಡ್ ತಿರುಗಿಸಿದರು. ಒಂದು ದಾರಿಯಷ್ಟು ಜಾಗಕ್ಕೆ ರಟ್ಟು ಇಟ್ಟಾಗ ಸರಾಗ ಸುತ್ತಿತು. ಇನ್ನೊಂದರಷ್ಟಕ್ಕೆ ಸರಿಸಿದಾಗ ಕೇಬಲ್ ರಟ್ಟಿಗೆ ಸಿಕ್ಕಿಕೊಂಡಿತು. ಮೀಟಿಂಗ್‌ನಲ್ಲಿ ವಾರಗಟ್ಟಲೆ ಎಳೆದಾಡಿದ ಮಾತು ಐದೇ ನಿಮಿಷದಲ್ಲಿ ಮುಗಿಯಿತು. ನಾಳೆ ಈ ಪೈಪು ಕತ್ತರಿಸಿ ಮತ್ತೆ ಬೆಸೆಯಬೇಕಾದರೆ ವಿಕಿರಣದಿಂದಾಗಿ ಅಲ್ಲಿಗೆ ಮನುಷ್ಯ ಹೋಗುವಂತಿಲ್ಲ, ರೋಬಾಟ್ ಕೈಯೇ ಗತಿ. ಅದಕ್ಕೂ ಅದೇ ಜಾಗ ಬೇಕು. ಇಂಥವರ ಹೆಸರು ಡ್ರಾಯಿಂಗ್ ಮೂಲೆಯಲ್ಲಿ ಬರೋದಿಲ್ಲ. ಬರಬೇಕು ಅಂತ ನನ್ನ ಅಭಿಪ್ರಾಯ.

ಪಾಲಿಟೆಕ್ನಿಕ್‌ನಲ್ಲಿ ಕೈಯಲ್ಲೇ ಪೈಪಿನ ಐಸೊಮೆಟ್ರಿಕ್ ಡ್ರಾಯಿಂಗ್ ಬರೆಸಿದ ಮೇಷ್ಟ್ರೇ, ಪ್ರತಿ ಪೈಪಿಗೂ "ನೀರು ಎಲ್ಲಿಂದ ಖಾಲಿಯಾಗುತ್ತೋ?" ಅಂತ ಕೇಳುತ್ತಿದ್ದಿರಿ. ರಿವ್ಯೂನಲ್ಲೂ ಅದನ್ನೇ ಕೇಳಿದರು ಸಾರ್. ಸೋರಿಕೆ ಹುಡುಕುವ ಮೊದಲು ಪೈಪು ಪೂರ್ತಿ ಬರಿದಾಗಿ ಒಣಗಬೇಕಲ್ಲ. ಇಳಿಜಾರು ತೋರಿಸಿದೆ, ಒಪ್ಪಿದರು.

ಮುಂದೆ ತಯಾರಿಕೆಯ ಡ್ರಾಯಿಂಗ್ ಶುರು. ಮತ್ತೆ ನಿಮ್ಮೆಲ್ಲರ ತಲೆ ತಿನ್ನೋಕೆ ಬರ್ತೀನಿ.