ಈ ವಾರದ ಹಂಗೇರಿಯನ್ ಪದ: ಕೊಚಿ

ಸದಸ್ಯರ ಗಮನಕ್ಕೆ: ‘ಕೊಚಿ’ ಅಂದರೆ ಈಗಿನ ಆಡುಮಾತಿನಲ್ಲಿ ಕಾರು. ಹಳೆಯ ಅರ್ಥ ಕುದುರೆಗಾಡಿ. ರೈಲಿನ ಬೋಗಿಗೂ ಇದೇ ಪದ. ಬುಡಾ–ವಿಯೆನ್ನಾ ದಾರಿಯಲ್ಲಿ, 15ನೇ ಶತಮಾನದಲ್ಲಿ ಗಾಡಿಗಳಿಗೆ ಹೆಸರಾದ ‘ಕೊಚ್’ ಹಳ್ಳಿಯಿಂದ ಬಂದದ್ದು. ಕೊನೆಯ ‘ಇ’ ಅಂದರೆ ‘ಆ ಊರಿನ’. ನಮ್ಮ ರೈಲಿನ ‘ಕೋಚ್’ ಕೂಡ ಇಂಗ್ಲಿಷಿನ ಮೂಲಕ ಬಂದ ಇದೇ ಪದ.

ಬಹುವಚನ ಕೊಚಿಕ್, ‘ಕಾರನ್ನು’ ಕೊಚಿತ್, ‘ಕಾರಿನಲ್ಲಿ’ ಕೊಚಿಬನ್. ಎಡವುವುದು ಇಲ್ಲೇ: ಕೊನೆಯ ‘ಇ’ ನೋಡಿ ‘ಕೊಚಿಬೆನ್’ ಅನ್ನಬೇಡಿ. ಹಂಗೇರಿಯನ್‌ನಲ್ಲಿ ಪ್ರತ್ಯಯದ ಸ್ವರ ಪದದ ಸ್ವರಕ್ಕೆ ಹೊಂದಿಕೊಳ್ಳುತ್ತದೆ (‘ಬನ್’ ಅಥವಾ ‘ಬೆನ್’). ಹೀಗೆ ಸ್ವರ ಹೊಂದಿಸುವಾಗ ‘ಇ’ ತಟಸ್ಥ. ಪ್ರತ್ಯಯ ಕೇಳುವುದು ಮೊದಲಿನ ‘ಒ’ ಮಾತನ್ನೇ. ಸಂಖ್ಯೆ ಬಂದರೆ ಏಕವಚನ ಸಾಕು: ‘ಕೇತ್ ಕೊಚಿ’, ಥೇಟ್ ನಮ್ಮ ‘ಎರಡು ಕಾರು’. ‘ನನ್ನ ಹತ್ತಿರ ಕಾರಿದೆ’ ಅನ್ನಲು ‘ವನ್ ಕೊಚಿಮ್’. ಆ ‘ಮ್’ನಲ್ಲೇ ‘ನನ್ನ’ ಬಂತು.