ದಾಯಾದಿಗಳ ಕರುಳು: ಯುವ ಲೇಖಕಿಗೆ ಒಂದು ಪತ್ರ

ಪ್ರೀತಿಯ ಚೈತ್ರಾ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗೂ ವಾನರಗಳ (ಚಿಂಪಾಂಜಿ, ಗೊರಿಲ್ಲಾದಂಥ ಬಾಲವಿಲ್ಲದವುಗಳ) ಕರುಳಿನ ಬ್ಯಾಕ್ಟೀರಿಯಾಗೂ ಇರುವ ನೆಂಟಸ್ತನದ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೀಯಲ್ಲ, ಅದೇ ನನಗೆ ದೊಡ್ಡ ಖುಷಿ. ಇನ್ನು ಕೆಲಸದ ಮಾತಿಗೆ ಬರುತ್ತೇನೆ.

ಮೊದಲ ಸಾಲು ಹೊಡೆದುಹಾಕು. 'ದೇಹದ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾ ಹತ್ತು ಪಟ್ಟು ಜಾಸ್ತಿ' ಎಂದಿದ್ದೀಯ. ನಾನೂ ಹಾಗೇ ಬರೆದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಅದು 1970ರ ದಶಕದ ಒಂದು ಅಂದಾಜು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು ಗಟ್ಟಿಯಾಗಿಬಿಟ್ಟಿತು. 2016ರಲ್ಲಿ ವಿಜ್ಞಾನಿ ರಾನ್ ಮಿಲೊ ಮತ್ತು ಸಂಗಡಿಗರು ಮತ್ತೆ ಲೆಕ್ಕ ಹಾಕಿದರು. ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಜೀವಕೋಶ ಸುಮಾರು 30 ಲಕ್ಷ ಕೋಟಿ. ಹೆಚ್ಚುಕಡಿಮೆ ಸಮ. ದೊಡ್ಡ ಸಂಖ್ಯೆ ಕಂಡ ತಕ್ಷಣ ಅದು ಎಲ್ಲಿಂದ ಬಂತು ಅಂತ ಹುಡುಕು.

ಎರಡನೇ ಪುಟದಲ್ಲಿ 'ಚಿಂಪಾಂಜಿಯಿಂದ ನಮಗೆ ಬಂದ ಬ್ಯಾಕ್ಟೀರಿಯಾ' ಎಂದಿದ್ದೀಯ. ಇದನ್ನು ಖಂಡಿತ ತಿದ್ದಬೇಕು. ಚಿಂಪಾಂಜಿ ನಮ್ಮ ಅಜ್ಜ ಅಲ್ಲ, ದಾಯಾದಿ. ಇದಕ್ಕೆ ಇಷ್ಟು ಒಳ್ಳೆಯ ಮಾತು ನಮ್ಮ ಭಾಷೆಯಲ್ಲೇ ಇರುವಾಗ ಬೇರೆ ಯಾಕೆ ಹುಡುಕಬೇಕು? ಮೂಲಮನೆ ಒಂದೇ. ಮನೆ ಪಾಲಾಯಿತು, ಜೊತೆಗೆ ಕರುಳಿನ ಬ್ಯಾಕ್ಟೀರಿಯಾವೂ ಪಾಲಾಯಿತು. ಆಮೇಲೆ ಒಂದೊಂದು ಮನೆಯಲ್ಲೂ ಅದು ತನ್ನದೇ ರೀತಿಯಲ್ಲಿ ಬದಲಾಗುತ್ತಾ ಬಂತು. ನಿನ್ನ ಇಡೀ ಲೇಖನ ಈ ಒಂದು ಚಿತ್ರದ ಮೇಲೆ ನಿಲ್ಲಬಹುದು.

ವಾನರಗಳ ಕರುಳಿನ ಬಗ್ಗೆ ಅದೇ 2016ರಲ್ಲಿ ಬಂದ ಇನ್ನೊಂದು ಅಧ್ಯಯನದ ಭಾಗವನ್ನು ನೀನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀಯ. ಅಲ್ಲೇ ಜಾಸ್ತಿ ಹೊತ್ತು ನಿಲ್ಲಬೇಕಿತ್ತು. ವಿಜ್ಞಾನಿಗಳಾದ ಆಂಡ್ರ್ಯೂ ಮೊಲ್ಲರ್, ಹೊವರ್ಡ್ ಆಕ್ಮನ್ ಮತ್ತು ಸಂಗಡಿಗರು ಆಫ್ರಿಕಾದ ಕಾಡುಗಳ ಚಿಂಪಾಂಜಿ, ಬೊನೊಬೊ (ಚಿಂಪಾಂಜಿಯ ಹತ್ತಿರದ ನೆಂಟ), ಗೊರಿಲ್ಲಾಗಳ ಮಲವನ್ನೂ ಮನುಷ್ಯರ ಮಲವನ್ನೂ ಪರೀಕ್ಷಿಸಿದರು. ನೀನು ಬರೀ 'ಮಾದರಿ' ಎಂದು ಬರೆದಿದ್ದೀಯ. ಮಲ ಅಂತಲೇ ಬರೆ, ಸಂಕೋಚ ಬೇಡ. ಈ ವಿಷಯಕ್ಕೆ ಅದೇ ಹಳೆಯ ಕಡತ. ಅದರಲ್ಲಿದ್ದ ಬ್ಯಾಕ್ಟೀರಿಯಾಗಳ ಬೇಗ ಬದಲಾಗುವ ಒಂದು ಜೀನನ್ನು ಹೋಲಿಸಿ ವಂಶವೃಕ್ಷ ಬರೆದರು. ಬ್ಯಾಕ್ಟೀರಾಯ್ಡೇಸಿ, ಬೈಫಿಡೊಬ್ಯಾಕ್ಟೀರಿಯೇಸಿ ಎಂಬ ಎರಡು ಕುಟುಂಬಗಳ ಕವಲುಗಳು ವಾನರಗಳ ಕವಲುಗಳ ಹಾಗೆಯೇ ಒಡೆದಿದ್ದವು. ಗೊರಿಲ್ಲಾಗಳ ಬ್ಯಾಕ್ಟೀರಿಯಾ ಬೇರೆಯಾಗಿ ಸುಮಾರು 1 ಕೋಟಿ 56 ಲಕ್ಷ ವರ್ಷ. ನಮ್ಮದೂ ಚಿಂಪಾಂಜಿಯದೂ ಬೇರೆಯಾಗಿ ಸುಮಾರು 53 ಲಕ್ಷ ವರ್ಷ.

ಈಗ ಸ್ವಲ್ಪ ನಿಂತು ಯೋಚಿಸು. ಇಷ್ಟು ಕಾಲ ಈ ಬ್ಯಾಕ್ಟೀರಿಯಾ ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು ಹೇಗೆ? ಬ್ಯಾಕ್ಟೀರಾಯ್ಡೇಸಿಗೆ ಗಾಳಿ ಆಗಿಬರುವುದಿಲ್ಲ, ಹೊರಗೆ ಬಿದ್ದರೆ ಹೆಚ್ಚು ಹೊತ್ತು ಬಾಳುವುದು ಕಷ್ಟ. ಹಾಗಾಗಿ ಮೈಯಿಂದ ಮೈಗೇ ದಾಟಬೇಕು. ಹೆರಿಗೆಯಲ್ಲಿ, ಮಡಿಲಲ್ಲಿ, ಒಂದೇ ಗುಂಪಿನಲ್ಲಿ ಒಬ್ಬರನ್ನೊಬ್ಬರು ಮುಟ್ಟಿ ಬದುಕುವಾಗ. ತಾಯಿಯ ಹಾಲನ್ನೇ ತಗೋ. ಅದರಲ್ಲಿ ಮಗುವಿಗೆ ಜೀರ್ಣವೇ ಆಗದ ಕೆಲವು ಸಕ್ಕರೆಗಳಿವೆ. ಅವು ಹಾಗೇ ಕೆಳಗಿಳಿದು ಮಗುವಿನ ದೊಡ್ಡ ಕರುಳು ಸೇರುತ್ತವೆ. ಅಲ್ಲಿ ಅವನ್ನು ತಿನ್ನಲು ಬೈಫಿಡೊಬ್ಯಾಕ್ಟೀರಿಯಾ ಕಾದಿರುತ್ತದೆ. ತಾಯಿ ಊಡುವುದು ಮಗುವಿಗೆ ಮಾತ್ರ ಅಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. ನಿನ್ನ ಓದುಗರಿಗೂ ಆ ಕ್ಷಣ ಸಿಗಬೇಕು ಅಲ್ವಾ?

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಅದೇ ಅಧ್ಯಯನದಲ್ಲಿ ಲ್ಯಾಕ್ನೊಸ್ಪೈರೇಸಿ ಎಂಬ ಮೂರನೇ ಕುಟುಂಬವೂ ಇತ್ತು. ಅದರ ವೃಕ್ಷ ವಾನರಗಳ ವೃಕ್ಷಕ್ಕೆ ಹೊಂದಲಿಲ್ಲ. ನೀನು ಅದನ್ನು ಬಿಟ್ಟುಬಿಟ್ಟಿದ್ದೀಯ. ಕಥೆ ಕೆಡುತ್ತದೆ ಅಂತ ಹೆದರಿದೆಯಾ? ಕೆಡುವುದಿಲ್ಲ, ಗಟ್ಟಿಯಾಗುತ್ತದೆ. ಈ ಕುಟುಂಬದ ಅನೇಕ ಬ್ಯಾಕ್ಟೀರಿಯಾ ಬೀಜಕ ಕಟ್ಟಿಕೊಳ್ಳುತ್ತವೆ. ಗಟ್ಟಿ ಚಿಪ್ಪಿನೊಳಗೆ ಮುದುಡಿ ಹೊರಗೆ ಕಾಯುತ್ತವೆ, ಬೇರೆ ಪ್ರಾಣಿಯ ಹೊಟ್ಟೆ ಸಿಕ್ಕರೆ ಅಲ್ಲೂ ನೆಲೆಸುತ್ತವೆ. ಹಾಗಾಗಿ ಅವು ಒಂದೇ ಮನೆಗೆ ಅಂಟಿಕೊಂಡಿರಬೇಕಿಲ್ಲ. ಹೊಂದದೆ ಉಳಿದದ್ದನ್ನು ಮುಚ್ಚಿಟ್ಟರೆ ಓದುಗರಿಗೆ ಮೋಸ ಮಾಡಿದಂತೆ.

'ನಮ್ಮನ್ನು ಕಾಪಾಡಲು ಬ್ಯಾಕ್ಟೀರಿಯಾ ನಿರ್ಧರಿಸಿದವು' ಎಂಬ ಸಾಲೂ ಬೇಡ. ಅವು ಏನನ್ನೂ ನಿರ್ಧರಿಸುವುದಿಲ್ಲ.

ಕೊನೆಗೆ ಏನು ತಿನ್ನಬೇಕು ಅಂತ ಒಂದು ಪುಟ ಉಪದೇಶ ಮಾಡಿದ್ದೀಯ. ಅದನ್ನು ತೆಗೆದು 2014ರ ಅಧ್ಯಯನಕ್ಕೆ ಜಾಗ ಕೊಡು. ಕಾಡಿನ ವಾನರಗಳಿಗೆ ಹೋಲಿಸಿದರೆ ಮನುಷ್ಯರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಬಗೆಗಳು ಕಡಿಮೆ, ಅಮೆರಿಕದ ನಗರವಾಸಿಗಳಲ್ಲಿ ಇನ್ನೂ ಕಡಿಮೆ ಅಂತ ಅದರಲ್ಲಿ ಕಂಡಿತ್ತು. ಕೋಟಿ ವರ್ಷ ಕೈಬದಲಾಗುತ್ತಾ ಬಂದ ಆಸ್ತಿ ಕರಗುತ್ತಿದೆ. ನನಗೆ ಇದು ನಿಜಕ್ಕೂ ಸಂಕಟದ ಸಂಗತಿ. ನಿನಗೂ ಹಾಗೆ ಅನ್ನಿಸಿದರೆ ಅಳುಕದೆ ಬರೆ.

ಇಡೀ ಲೇಖನವನ್ನು ಒಮ್ಮೆಗೇ ತಿದ್ದಲು ಕೂರಬೇಡ. ತಾಯಿ, ಮಗು, ಹಾಲು ಬರುವ ಆ ಒಂದು ಪುಟ ಮೊದಲು ಬರೆದು ಕಳಿಸು. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಮೇಷ್ಟ್ರು