ನೆಲಕ್ಕೆ ಕಾಂಕ್ರೀಟ್ ಹಾಕಿಸುವ ಮುಂಚೆ

ಪೆನ್ಸಿಲ್ವೇನಿಯಾ

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಚಿಕ್ಕಮಗಳೂರಿನಲ್ಲಿ ಅಪ್ಪ, ಅಮ್ಮ, ಅತ್ತಿಗೆ, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಮಳೆ ಹಿಡಿಯುವ ಮುಂಚೆ ಹೊಸ ಮನೆಯ ಕೆಳಗಿನ ಕೋಣೆಗೆ ನೆಲ ಹಾಕಿಸಬೇಕು ಅಂದಿದ್ದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದ್ದು ಮೇಸ್ತ್ರಿಯ ಕಿವಿ ಮುಟ್ಟುವಷ್ಟರಲ್ಲಿ ಅರ್ಧ ಸೋರಿಹೋಗುತ್ತದೆ. ಬರೆದದ್ದನ್ನಾದರೆ ಅವರ ಕೈಗೇ ಕೊಡಬಹುದು.

ಇಲ್ಲಿನ ಮನೆಗಳ ಗೋಡೆಗೆ ಅಂಟಿಕೊಂಡು ನೆಲದಿಂದ ಸೂರು ದಾಟಿ ಹೋಗುವ ಬಿಳಿ ಪೈಪು ಏನು ಅಂತ ಕೇಳಿದ್ದೆ. ಅದು ರೇಡಾನ್ ಪೈಪು. ಕಲ್ಲು ಮಣ್ಣಿನಲ್ಲಿ ಎಲ್ಲ ಕಡೆಯೂ ಅಷ್ಟಿಷ್ಟು ಯುರೇನಿಯಂ ಇರುತ್ತದೆ. ಅದು ಒಡೆಯುತ್ತಾ ರೇಡಿಯಂ ಆಗಿ, ರೇಡಿಯಂನಿಂದ ರೇಡಾನ್ ಅನ್ನುವ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 3.8 ದಿನಕ್ಕೆ ಅರ್ಧ ಕರಗುತ್ತದೆ, ಆದರೆ ಕರಗುವಾಗ ಹುಟ್ಟುವ ಪೊಲೋನಿಯಂ ಕಣಗಳು ಉಸಿರಿನ ಜೊತೆ ಹೋಗಿ ಶ್ವಾಸಕೋಶಕ್ಕೆ ಅಂಟಿ ಅಲ್ಲೇ ವಿಕಿರಣ ಸೂಸುತ್ತವೆ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನ ಬಿಟ್ಟರೆ ಇದೇ ಎರಡನೆಯ ಕಾರಣ. ವರ್ಷಕ್ಕೆ ಸುಮಾರು 21,000 ಸಾವು ಅಂತ ಇಲ್ಲಿನ ಪರಿಸರ ಸಂಸ್ಥೆಯ ಅಂದಾಜು. 1984ರಲ್ಲಿ ಇದೇ ರಾಜ್ಯದಲ್ಲಿ, ಇನ್ನೂ ಇಂಧನವನ್ನೇ ತುಂಬಿರದ ಅಣು ಸ್ಥಾವರದಲ್ಲಿ, ಕೆಲಸಗಾರನೊಬ್ಬ ಬಂದಾಗ ವಿಕಿರಣದ ಅಲಾರಂ ಹೊಡೆಯಿತು. ಹುಡುಕುತ್ತಾ ಹೋದರೆ ಅವನು ಅದನ್ನು ಹೊತ್ತು ತರುತ್ತಿದ್ದದ್ದು ತನ್ನ ಮನೆಯಿಂದ.

ಇದನ್ನು ಅಳೆಯುವುದು ಒಂದು ಘನ ಮೀಟರ್ ಗಾಳಿಗೆ ಎಷ್ಟು ಬೆಕೆರೆಲ್ ಅಂತ; ಬೆಕೆರೆಲ್ ಅಂದರೆ ವಿಕಿರಣದ ಅಳತೆ. ವಿಶ್ವ ಆರೋಗ್ಯ ಸಂಸ್ಥೆ 100ರ ಒಳಗಿರಲಿ, ಆಗದಿದ್ದರೆ 300 ದಾಟದಿರಲಿ ಅನ್ನುತ್ತದೆ. ಇಲ್ಲಿ 148 ಮುಟ್ಟಿದರೆ ಮನೆ ರಿಪೇರಿ ಮಾಡಿಸಿ ಅನ್ನುತ್ತಾರೆ. ಜೀವಮಾನವಿಡೀ ಆ 148ರಲ್ಲಿ ಬದುಕಿದರೆ, ಸೇದದವರಲ್ಲಿ ಸಾವಿರಕ್ಕೆ 7 ಜನರಿಗೆ, ಸೇದುವವರಲ್ಲಿ 62 ಜನರಿಗೆ ಕ್ಯಾನ್ಸರ್ ಅಂತ ಲೆಕ್ಕ. ಅಪ್ಪನ ಬೀಡಿ ನೆನೆದರೆ ನನಗೆ ಭಯವಾಗುವುದು ಇದಕ್ಕೇ.

ನಮ್ಮೂರಿನ ಮನೆಗಳಲ್ಲಿ ಕಿಟಕಿ ಬಾಗಿಲು ತೆರೆದೇ ಇರುತ್ತವೆ, ಗಾಳಿ ಆಡುತ್ತದೆ, ಸಾಮಾನ್ಯವಾಗಿ ಚಿಂತೆಯಿಲ್ಲ. ಆದರೆ ನಿನ್ನ ಸೈಟು ಇಳಿಜಾರು. ಕೆಳಗಿನ ಕೋಣೆಯ ಎರಡು ಗೋಡೆ ದಿಣ್ಣೆಯೊಳಗೆ ಹುಗಿದಿವೆ, ಇರುವುದು ಒಂದೇ ಕಿಟಕಿ, ಮಳೆಗಾಲದ ಮೂರು ನಾಲ್ಕು ತಿಂಗಳು ಅದೂ ಮುಚ್ಚಿರುತ್ತದೆ. ಹೊರಗಿನ ಮಣ್ಣು ನೀರು ಕುಡಿದು ಬಿಗಿದಾಗ ಅನಿಲಕ್ಕೆ ಸುಲಭದ ದಾರಿ ಉಳಿಯುವುದು ಮನೆಯಡಿಯ ಒಣ ಮಣ್ಣಿನಲ್ಲಿ. ಅಂಥ ಕೋಣೆಯನ್ನು ಮಕ್ಕಳು ಓದುವುದಕ್ಕೆ, ಮಲಗುವುದಕ್ಕೆ ಅಂತ ಮಾಡುತ್ತಿದ್ದೀಯ.

ಒಂದು ವಿಷಯ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ರೇಡಾನ್ ತಾನಾಗಿ ನುಗ್ಗುವುದಕ್ಕಿಂತ ಹೆಚ್ಚಾಗಿ ಮನೆಯೇ ಅದನ್ನು ಎಳೆದುಕೊಳ್ಳುತ್ತದೆ. ಒಳಗಿನ ಬೆಚ್ಚನೆ ಗಾಳಿ ಮೇಲೇರಿ ಹೋದಷ್ಟೂ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹೊರಗೆ ತಳ್ಳಿದಷ್ಟೂ, ಕೆಳಗಿನ ಕೋಣೆಯ ಒತ್ತಡ ಇಳಿಯುತ್ತದೆ. ಇಳಿಯುವುದು ಬರೀ ಒಂದೆರಡು ಪ್ಯಾಸ್ಕಲ್, ಆದರೆ ನೆಲದ ಬಿರುಕಿನಿಂದ ಹೀರಲು ಅಷ್ಟು ಸಾಕು. ಹಾಗಾಗಿ ಬಿರುಕು ಮುಚ್ಚಿ ಗೆಲ್ಲುತ್ತೇನೆ ಅನ್ನುವುದು ಆಗದ ಮಾತು. ಒಂದು ಮುಚ್ಚಿದರೆ ಇನ್ನೊಂದು ಬಾಯಿ ಬಿಡುತ್ತದೆ. ಮನೆ ಎಳೆಯುವ ಮುಂಚೆ ನಾವೇ ನೆಲದಡಿಯಿಂದ ಎಳೆದು ಸೂರಿನ ಮೇಲೆ ಬಿಡಬೇಕು. ಆ ಬಿಳಿ ಪೈಪು ಮಾಡುವುದು ಇಷ್ಟೇ.

ಕಟ್ಟಿದ ಮನೆಗಳಲ್ಲಿ ಇಲ್ಲಿ ಮಾಡುವುದು ಹೀಗೆ: ನೆಲದ ಕಾಂಕ್ರೀಟಿನಲ್ಲಿ 5 ಇಂಚಿನ ತೂತು ಕೊರೆದು, ಅದರ ಕೆಳಗಿಂದ ಎರಡು ಬಕೆಟ್‌ನಷ್ಟು ಮಣ್ಣು ಕೈಯಲ್ಲೇ ತೋಡಿ ಗುಂಡಿ ಮಾಡುತ್ತಾರೆ. ಅದಕ್ಕೆ 4 ಇಂಚಿನ ಪಿವಿಸಿ ಪೈಪು ಇಳಿಸಿ, ಮೇಲೆ ಒಂದು ಫ್ಯಾನ್ ಕೂರಿಸುತ್ತಾರೆ. ಆ ದೊಡ್ಡ ತೂತು ಕೊರೆಯುವ ಮುಂಚೆ ಒಂದು ಪರೀಕ್ಷೆ ಇದೆ: ಚಿಕ್ಕ ತೂತಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಇಟ್ಟು, ದೂರದ ಮೂಲೆಗಳಲ್ಲಿ ಬೆರಳು ದಪ್ಪದ ತೂತು ಕೊರೆದು ಅಲ್ಲಿ ಹೊಗೆ ಹಿಡಿಯುವುದು. ನೀನು ಊದುಬತ್ತಿ ಹಿಡಿದರೂ ಆಯಿತು. ಹೊಗೆ ಬಾಗಿ ತೂತಿನೊಳಗೆ ಇಳಿದರೆ ಎಳೆತ ಅಲ್ಲಿಯತನಕ ಮುಟ್ಟಿದೆ. ನೆಟ್ಟಗೆ ಮೇಲೇರಿದರೆ ಆ ಮೂಲೆಗೆ ಇನ್ನೊಂದು ಗುಂಡಿ ಬೇಕು.

ನಿನ್ನದಿನ್ನೂ ನೆಲ ಹಾಕದ ಮನೆ. ಈಗ ಒಂದು ದಿನದ ಕೆಲಸ, ಆಮೇಲೆ ಟೈಲ್ಸ್ ಒಡೆಯಬೇಕು. ನಮ್ಮ ಕಡೆ ಮಣ್ಣು ತುಂಬಿ, ನೀರು ಬಿಟ್ಟು, ದಮ್ಮಸ್ಸು ಮಾಡಿ ಅದರ ಮೇಲೇ ಬೆಡ್ ಕಾಂಕ್ರೀಟ್ ಹಾಕುತ್ತಾರೆ. ದಮ್ಮಸ್ಸಾದ ಮಣ್ಣಿನಲ್ಲಿ ಗಾಳಿ ಓಡಾಡುವುದಿಲ್ಲ, ಎಳೆತ ಹೆಚ್ಚು ದೂರ ಹರಡುವುದಿಲ್ಲ. ಅದಕ್ಕೆ ಮಣ್ಣಿನ ಮೇಲೆ 4 ಇಂಚು ದಪ್ಪಕ್ಕೆ 20 ಎಂಎಂ ಜಲ್ಲಿ ಹರಡಿಸು. ತೊಳೆದ ಜಲ್ಲಿಯೇ ಆಗಬೇಕು. ಸಂದು ತುಂಬಲಿ ಅಂತ ಮೇಸ್ತ್ರಿ ಎಂ-ಸ್ಯಾಂಡ್ ಚೆಲ್ಲಲು ನೋಡುತ್ತಾರೆ, ಬಿಡಬೇಡ; ನಮಗೆ ಬೇಕಾಗಿರುವುದೇ ಆ ಸಂದು. ಜಲ್ಲಿಯೊಳಗೆ 4 ಇಂಚಿನ ತೂತು ಪೈಪನ್ನು ಕೋಣೆಯ ಸುತ್ತ ಮಲಗಿಸಿ, ಎರಡು ತುದಿಯನ್ನೂ ಒಂದು ಟೀಗೆ (ಮೂರು ಬಾಯಿಯ ಪೈಪ್ ಜಾಯಿಂಟಿಗೆ) ಸೇರಿಸಿ, ಟೀಯ ಬಾಯಿಂದ ನೆಟ್ಟಗೆ ಪೈಪು ಎಬ್ಬಿಸು. ನಡುವೆ ಪ್ಲಿಂತ್ ಬೀಮ್ (ತಳಪಾಯದ ಮೇಲಿನ ಕಾಂಕ್ರೀಟ್ ತೊಲೆ) ಇದ್ದರೆ ಎಳೆತ ಅಲ್ಲೇ ನಿಂತುಬಿಡುತ್ತದೆ. ಬೀಮಿಗೆ ಕಾಂಕ್ರೀಟ್ ತುಂಬುವ ಮುಂಚೆಯೇ ಪೈಪು ದಾಟಲು ಅದಕ್ಕಿಂತ ದಪ್ಪದ ತುಂಡು ಪೈಪೊಂದನ್ನು (ಸ್ಲೀವ್) ಅಡ್ಡಲಾಗಿ ಇಡಿಸು, ಎಲ್ಲಿ ಇಡಬೇಕೆಂದು ಇಂಜಿನಿಯರನ್ನು ಕೇಳಿ. ಬೀಮ್ ಆಗಲೇ ಆಗಿದ್ದರೆ ಅದನ್ನು ಕೊರೆಸಬೇಡ, ಆ ಭಾಗಕ್ಕೆ ಬೇರೆಯೇ ಪೈಪು ಎಬ್ಬಿಸು.

ಜಲ್ಲಿಯ ಮೇಲೆ 250 ಮೈಕ್ರಾನ್ ಪಾಲಿಥೀನ್ ಹಾಳೆ. ಸೇರುವ ಕಡೆ ಒಂದು ಅಡಿ ಒಂದರ ಮೇಲೊಂದು ಬರಲಿ, ಗೋಡೆಗೆ ಅರ್ಧ ಅಡಿ ಹತ್ತಿಸಿ ಅಂಟಿಸಲಿ. ಕಾಫಿ ಒಣಗಿಸಿ ಉಳಿದ ಹಳೆ ಟಾರ್ಪಾಲು ಬೇಡ, ಕಣ್ಣಿಗೆ ಕಾಣದ ತೂತಿರುತ್ತದೆ. ಕಾಂಕ್ರೀಟಿನ ದಿನ ನೀನು ಅಲ್ಲೇ ನಿಂತಿರು. ಬಾಂಡ್ಲಿ ಹೊತ್ತವರು ಅದರ ಮೇಲೇ ಓಡಾಡುತ್ತಾರೆ, ಹರಿದ ಕಡೆ ಆಗಲೇ ತೇಪೆ ಹಾಕಿಸಬೇಕು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಗೋಡೆಯೂ ನೆಲವೂ ಸೇರುವ ಅಂಚನ್ನು ಅರ್ಧ ಇಂಚು ಬಿಡಿಸಿ ಪಾಲಿಯುರೆಥೇನ್ ಸೀಲೆಂಟ್ ತುಂಬಿಸು. ಸಿಮೆಂಟ್ ತುಂಬಿದರೆ ಒಂದು ಬೇಸಿಗೆಗೆ ಬಿರುಕು ಬಿಡುತ್ತದೆ.

ನೆಟ್ಟಗೆ ಎದ್ದ ಪೈಪು ಮನೆಯ ಒಳಗಡೆಯಿಂದಲೇ ತಾರಸಿ ದಾಟಲಿ. ತುದಿ ಯಾವ ಕಿಟಕಿಗೂ 10 ಅಡಿಗಿಂತ ಹತ್ತಿರ ಬೇಡ, ಬಾಯಿಗೆ ಜಾಲರಿ ಕಟ್ಟಿಸು, ಇಲ್ಲದಿದ್ದರೆ ಜೇನು ಕೂರುತ್ತದೆ. ಅಡ್ಡ ಓಡುವ ಕಡೆ 10 ಅಡಿಗೆ ಒಂದೂಕಾಲು ಇಂಚಿನಂತೆ ನೆಲದ ಕಡೆಗೇ ಇಳಿಜಾರು ಇರಬೇಕು. ನೆಲದಡಿಯ ಗಾಳಿ ತೇವ, ಪೈಪಿನೊಳಗೆ ಹನಿಗಟ್ಟುತ್ತದೆ. ಇಳಿಜಾರು ತಪ್ಪಿ ತಗ್ಗಿನಲ್ಲಿ ನೀರು ನಿಂತರೆ ಗೊಳಗೊಳ ಸದ್ದು ಬರುತ್ತದೆ, ಕೊನೆಗೆ ಪೈಪೇ ಕಟ್ಟಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯ, ಪ್ರತಿ ಮಹಡಿಯಲ್ಲೂ ಪೈಪಿನ ಮೇಲೆ ಕೆಂಪು ಬಣ್ಣದಲ್ಲಿ ‘ರೇಡಾನ್ ಪೈಪು, ಏನನ್ನೂ ಜೋಡಿಸಬೇಡಿ’ ಅಂತ ಬರೆಸು. 4 ಇಂಚಿನ ಪೈಪು ಖಾಲಿ ಕಂಡರೆ ಪ್ಲಂಬರ್ ಬಚ್ಚಲ ನೀರೋ ತಾರಸಿಯ ಮಳೆ ನೀರೋ ಅದಕ್ಕೇ ಕೊಟ್ಟುಬಿಡುತ್ತಾರೆ.

ಫ್ಯಾನ್ ಈಗ ಬೇಡ. ತಾರಸಿಯಲ್ಲಿ ಪೈಪಿನ ಪಕ್ಕ ಒಂದು ಪ್ಲಗ್ ಪಾಯಿಂಟ್ ಬಿಡಿಸು, ಸಾಕು. ಗೃಹಪ್ರವೇಶ ಆದಮೇಲೆ ನಾನು ಕಳಿಸುವ ಮೀಟರನ್ನು ಕೆಳಗಿನ ಕೋಣೆಯಲ್ಲಿ ನೆಲದಿಂದ ಎರಡು ಅಡಿ ಎತ್ತರಕ್ಕೆ, ಕಿಟಕಿಯಿಂದ ಮೂರು ಅಡಿ ದೂರ ಇಟ್ಟು ಮಳೆಗಾಲವಿಡೀ ಬಿಡು. ಒಂದು ದಿನದ ಅಂಕಿ ನೋಡಿ ಹೆದರಲೂಬೇಡ, ನಿರಾಳವಾಗಲೂಬೇಡ, ಅದು ಹಗಲು ರಾತ್ರಿ ಏರಿಳಿಯುತ್ತದೆ. ಮೂರು ತಿಂಗಳ ಸರಾಸರಿ 100 ದಾಟಿದರೆ ಫ್ಯಾನ್ ಕೂರಿಸೋಣ. ನಮ್ಮಲ್ಲಿ ಇಲ್ಲಿಯ ಹಾಗೆ ಮನೆ ಕಾಯಿಸುವುದಿಲ್ಲ, ಆದ್ದರಿಂದ ಬರೀ ಪೈಪಿನ ಎಳೆತ ಇಲ್ಲಿಯಷ್ಟು ಇರುವುದಿಲ್ಲ ಅನ್ನುವುದೂ ನಿನಗೆ ಗೊತ್ತಿರಲಿ.

ಫ್ಯಾನ್ ಇಟ್ಟರೆ ಅದು ತಾರಸಿಯ ಮೇಲೇ ಇರಬೇಕು, ಕೋಣೆಯೊಳಗೆ ಎಂದೂ ಬೇಡ. ಫ್ಯಾನಿನಿಂದ ಮುಂದಿನ ಪೈಪಿನಲ್ಲಿ ಗಾಳಿ ಒತ್ತಿ ಹೋಗುತ್ತದೆ, ಒಂದು ಜಾಯಿಂಟ್ ಸೋರಿದರೂ ನೆಲದಡಿಯದ್ದೆಲ್ಲ ಮನೆಯೊಳಗೇ ಬಂತು. ಹಗಲೂ ರಾತ್ರಿ ಓಡಬೇಕು. ಪೈಪಿಗೆ ಇಂಗ್ಲಿಷಿನ ಯು ಆಕಾರದ ಪಾರದರ್ಶಕ ನಳಿಗೆಯೊಂದನ್ನು ಸಿಕ್ಕಿಸುತ್ತಾರೆ, ಒಳಗೆ ಬಣ್ಣದ ಎಣ್ಣೆ. ಎರಡು ಕಡೆಯ ಎಣ್ಣೆ ಏರುಪೇರಾಗಿದ್ದರೆ ಎಳೆತ ಇದೆ. ಸಮನಾಗಿದ್ದರೆ ಫ್ಯಾನ್ ಸತ್ತಿದೆ, ಇಲ್ಲವೇ ಕರೆಂಟಿಲ್ಲ. ಅದು ತೋರಿಸುವುದು ಎಳೆತವನ್ನು ಮಾತ್ರ, ರೇಡಾನ್ ಎಷ್ಟಿದೆ ಅಂತ ಮೀಟರೇ ಹೇಳಬೇಕು. ಫ್ಯಾನ್ ಹಾಕಿದ ಮೇಲೆ ಒಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಅಳೆ. ಆ ಕೋಣೆಯಲ್ಲಿ ಸೌದೆ ಒಲೆ, ಗ್ಯಾಸ್ ಗೀಸರ್ ಬೇಡವೇ ಬೇಡ. ಎಳೆತ ಜಾಸ್ತಿಯಾದರೆ ಹೊಗೆಯೂ ವಿಷದ ಗಾಳಿಯೂ ವಾಪಸ್ ಒಳಗೇ ತಿರುಗುತ್ತವೆ.

ಹಾಸನದ ಚಿಕ್ಕಪ್ಪ ಬೋರ್‌ವೆಲ್ ನೀರಿನ ಬಗ್ಗೆ ಕೇಳಿದ್ದರಂತೆ. ಆಳದ ಕಲ್ಲಿನ ನೀರಿನಲ್ಲಿ ರೇಡಾನ್ ಕರಗಿರಬಹುದು, ಆದರೆ ಗಾಳಿ ತಾಗಿದರೆ ಬಿಟ್ಟುಹೋಗುತ್ತದೆ. ಪಂಪಿನ ನೀರನ್ನು ನೇರ ಷವರಿಗೆ ಕೊಡದೆ ತಾರಸಿಯ ಟ್ಯಾಂಕಿಗೆ ಎತ್ತರದಿಂದ ಧುಮುಕುವ ಹಾಗೆ ಬಿಡಲಿ, ಟ್ಯಾಂಕಿನ ಗಾಳಿ ಕಿಂಡಿ ತೆರೆದಿರಲಿ.

ಜಲ್ಲಿ ಹರಡಿ ಪೈಪು ಮಲಗಿಸಿದ ಮೇಲೆ, ಹಾಳೆ ಹಾಸುವ ಮುಂಚೆ, ನಾಲ್ಕೂ ಮೂಲೆಯ ಫೋಟೋ ಕಳಿಸು. ನಾನು ನೋಡಿ ಹೇಳುವತನಕ ಕಾಂಕ್ರೀಟ್ ಲಾರಿಗೆ ಹೇಳಬೇಡ. ಅಪ್ಪ ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ತಂಗಿ